ನಾಲ್ಕು ಕಲ್ಲಿಗೆ ಒಂದೇ ಹಾರ

೧೬ ಡಿಸೆಂಬರ್ ೧೯೭೪, ಸೋಮವಾರ

ಆ ಮಾಜಿ ಸುಬೇದಾರ್ ಚನ್ನರಾಯಪ್ಪನ ಮುಖ ಇನ್ನು ನೋಡುವುದಿಲ್ಲ. ಯುದ್ಧದಲ್ಲಿ ಸತ್ತವರ ಕಲ್ಲುಗಳಿಗೆ ಹಾರ ಹಾಕಬೇಕೆಂದು ನನ್ನ ಮೋಟಾರ್ ಸೈಕಲ್ ಹತ್ತಿದ. ಮಾಲೂರಿನಲ್ಲಿ ಒಂದು ಸೇವಂತಿಗೆ ಹಾರ ಕೊಂಡು ಕಲ್ಲಿಗೆ ಹಾಕಿದ, ಸಲ್ಯೂಟ್ ಹೊಡೆದ, ನನ್ನಿಂದ ಫೋಟೋ ತೆಗೆಸಿಕೊಂಡ. ಆಮೇಲೆ ಅದೇ ಹಾರ ಕೋಲಾರಕ್ಕೆ, ಅಲ್ಲಿಂದ ಮುಳಬಾಗಿಲಿಗೆ.

ಕೊನೆಗೆ ಶ್ರೀನಿವಾಸಪುರದ ಹತ್ತಿರ ನಮ್ಮೂರಿನ ಕಲ್ಲು. ಅದರಲ್ಲಿ ನಮ್ಮಣ್ಣ ಮುನಿಕೃಷ್ಣನ ಹೆಸರಿದೆ. ಅಮ್ಮ ಕಲ್ಲು ತೊಳೆದು, ಅರಿಶಿನ ಕುಂಕುಮವಿಟ್ಟು ಕಾದಿದ್ದಳು. ಅರ್ಧ ಉದುರಿದ ಹಾರ ನೋಡಿ, "ಇದ್ಯಾವ ಹೆಣದ ಮೇಲಿಂದ ತಂದ್ರಿ ಸಾಮಿ?" ಎಂದಳು.

"ಹೂವಲ್ಲ ಕಣಮ್ಮಾ, ಭಕ್ತಿ ಮುಖ್ಯ."

"ಹಂಗಾದ್ರೆ ಭಕ್ತೀನೇ ಹಾಕಿ," ಎಂದು ಹಾರ ಕಿತ್ತು ಅವನ ಬೂಟಿನ ಮೇಲೆ ಎಸೆದೆ.

"ಎಸ್ಸೆಲ್ಸಿ ಮುಗಿಸ್ದೋನು ನಂಗೆ ಬುದ್ಧಿ ಹೇಳ್ತೀಯೇನ್ಲಾ?"

"ಮುಗಿಸ್ಲಿಲ್ಲ. ನೀವು ಬಸ್ಸಲ್ಲಿ ಹೋಗಿ," ಎಂದೆ.

ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಮೂರು ಕಡೆಯೂ ಕಲ್ಲಿನ ಮೇಲಿಂದ ಹಾರ ತೆಗೆದು ಹ್ಯಾಂಡಲಿಗೆ ಸಿಕ್ಕಿಸಿದ್ದು ನಾನೇ. ಆಗ ಸಿಟ್ಟೇ ಬಂದಿರಲಿಲ್ಲ. ಅಲ್ಲಿದ್ದದ್ದು ಬೇರೆಯವರ ಅಣ್ಣಂದಿರ ಹೆಸರು.