ಹನುಮಕ್ಕನ ದುಭಾಷಿ

9 ಜನವರಿ 1991, ಬೆಳಿಗ್ಗೆ

ಇವತ್ತೂ ಬಚ್ಚಲು ಆಕೆಗೇ ಮೊದಲು. ಹಂಡೆ ಖಾಲಿ. ನಲ್ಲಿ ಬರುವುದು ದಿನ ಬಿಟ್ಟು ದಿನ ಅಂತ ಆಕೆಗೆ ಯಾರು ಹೇಳಬೇಕು? ಅವ್ವ ಹೇಳುವುದಿಲ್ಲ. ನಾನು ಹೇಳಹೋದರೆ ಅಪ್ಪ ಕಣ್ಣು ಬಿಡುತ್ತಾನೆ. ಮುಖ ತೊಳೆಯದೆ ಕಾಲೇಜಿಗೆ ಹೋಗಬೇಕು.

ಹಾಲೆಂಡಿನವಳು. ಹೆಸರು ಹನ್ನೆಕೆ. ಕಾಲುವೆ ನೀರು ಯಾವ ರೈತರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ—ಇದನ್ನು ಅಭ್ಯಾಸ ಮಾಡಲು ಅಲ್ಲಿಂದ ಸಿಂಧನೂರಿಗೆ ಬಂದಿದ್ದಾಳೆ. ಮೂರು ತಿಂಗಳು ಇರುತ್ತಾಳೆ. ಅಪ್ಪ ಕಾಲುವೆ ಆಫೀಸಿನಲ್ಲಿ ಕ್ಲರ್ಕು. "ಅಂಬಪ್ಪ, ನಿಮ್ಮ ಕ್ವಾರ್ಟರ್ಸ್‌ನಲ್ಲೇ ಇರಲಿ, ನಿಮ್ಮ ಮಗಳಿಗೆ ಇಂಗ್ಲಿಷ್ ಬರ್ತದಲ್ಲ" ಎಂದು ಸಾಹೇಬರು ಅಂದರಂತೆ. ಆವತ್ತಿನಿಂದ ಅಪ್ಪನ ಕಾಲು ನೆಲದ ಮೇಲಿಲ್ಲ.

ನನ್ನ ಕೋಣೆ ಆಕೆಗೆ. ಮಂಚ, ಮೇಜು, ಫ್ಯಾನು ಎಲ್ಲ. ನಾನು ಮತ್ತು ಬಿ.ಎ. ಫೈನಲ್ ಪುಸ್ತಕಗಳು ಅಡುಗೆಮನೆಯಲ್ಲಿ, ಜೋಳದ ಡಬ್ಬಿಯ ಪಕ್ಕ. ಏಪ್ರಿಲ್‌ನಲ್ಲಿ ಪರೀಕ್ಷೆ.

ಅವ್ವನ ನಾಲಿಗೆಗೆ ಹನ್ನೆಕೆ ಹೊರಳಲಿಲ್ಲ. ಹನುಮಕ್ಕ ಅಂತಾಳೆ. ಆಕೆಯೂ ಓ ಅನ್ನುತ್ತಾಳೆ.

16 ಜನವರಿ

ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿಗೆ ಹೋಗಿದ್ದೆವು, ನಾನು ಹನುಮಕ್ಕನ ದುಭಾಷಿಯಾಗಿ. ಅಲ್ಲಿನ ಹೆಂಗಸರು ನಮ್ಮಿಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ಅನ್ನ, ಮೀನು ಕೊಟ್ಟರು. ಹನುಮಕ್ಕ ಮುಳ್ಳು ತೆಗೆಯಲಾಗದೆ ಒದ್ದಾಡಿದಳು, ನಾನೂ ಅಷ್ಟೇ. ಅವರು ನಕ್ಕರು. ಅವರ ಕನ್ನಡ ಅರ್ಧ, ನನ್ನ ಇಂಗ್ಲಿಷ್ ಅರ್ಧ. ಹೇಗೋ ಆಯಿತು.

ಮೂರು ಕ್ಲಾಸು ತಪ್ಪಿತು.

22 ಜನವರಿ, ರಾತ್ರಿ ಊಟದ ನಂತರ

ಅಪ್ಪನನ್ನು ಕೇಳಿಯೇಬಿಟ್ಟೆ. ಪಾಸಾದರೆ ಗುಲಬರ್ಗಾಕ್ಕೆ ಕಳಿಸು, ಎಂ.ಎ. ಮಾಡುತ್ತೇನೆ, ಹಾಸ್ಟೆಲ್ ಇದೆ.

"ಮಂದಿ ಊರಾಗ ಹೆಣ್ಣುಮಗಳು ಒಬ್ಬಾಕಿ ಹೆಂಗ ಇರ್ತಾಳಬೇ?" ಅಂದ.

ಪಕ್ಕದ ಕೋಣೆಯಲ್ಲಿ ಹನುಮಕ್ಕ ಟೇಪ್‌ರೆಕಾರ್ಡರ್ ಹಚ್ಚಿಕೊಂಡು ಕನ್ನಡ ಕಲಿಯುತ್ತಿದ್ದಳು. ಒಳಗೆ, ಹೊರಗೆ. ಮೇಲೆ, ಕೆಳಗೆ. ನಾನು ಆ ಕಡೆ ಕೈ ತೋರಿಸಿದೆ. ಅಪ್ಪ ನೋಡಿದ. ನೋಡಿಯೂ ಅರ್ಥವಾಗದವನಂತೆ ಎದ್ದು ಕೈ ತೊಳೆಯಲು ಹೋದ.

5 ಫೆಬ್ರವರಿ

ಬರೆಯಬಾರದು ಅಂದುಕೊಂಡಿದ್ದೆ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಆದನಗೌಡರ ಊರಿಗೆ ಹೋಗಿದ್ದೆವು, ಆಫೀಸಿನ ಜೀಪಿನಲ್ಲಿ. ಆ ತೂಬಿನ ನೀರೆಲ್ಲ ಮೊದಲು ಅವರ ಗದ್ದೆಗೆ, ಉಳಿದರೆ ಕೆಳಗಿನವರಿಗೆ. ಅವರು ಮಾತಾಡದಿದ್ದರೆ ಹನುಮಕ್ಕನ ಥೀಸಿಸ್ ಇಲ್ಲ. ಗೌಡರು ಬಾಗಿಲಿಗೇ ಬಂದು ಆಕೆಗೆ ಕೈ ಮುಗಿದರು. ಆಮೇಲೆ ನನ್ನನ್ನು ನೋಡಿ ಯಾರ ಮಗಳು ಅಂತ ಕೇಳಿದರು. ಹೇಳಿದೆ.

"ಅಂಬಪ್ಪನ ಮಗಳೇನು? ಭೇಷ್. ನೀ ಹೊರಗ ಕುಂದ್ರು ತಂಗಿ. ಅಲ್ಲಿಂದನ ಕೇಳಸ್ತದ."

ಅಪ್ಪ ಬೌದ್ಧನಾಗಿ ಹತ್ತು ವರ್ಷವಾಯಿತು. ಮನೆಯಲ್ಲಿ ಬುದ್ಧನ ಫೋಟೊ ಇದೆ, ಕ್ವಾರ್ಟರ್ಸ್ ಇದೆ, ಪಗಾರ ಇದೆ. ಗೌಡರಿಗೆ ನಾವು ಇನ್ನೂ ಕೇರಿಯವರೇ.

ಏನಂದರು ಅಂತ ಹನುಮಕ್ಕ ಕೇಳಿದಳು. ಅವರು ನಿನ್ನನ್ನು ಒಳಗೆ ಕರೆಯುತ್ತಿದ್ದಾರೆ ಅಂದೆ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಆಕೆ ಒಳಗೆ ಕುರ್ಚಿಯಲ್ಲಿ, ನಾನು ಕಟ್ಟೆಯ ಮೇಲೆ. ಕಿಟಕಿಯ ಸರಳಿನ ನಡುವೆ ಆಕೆಯ ಪ್ರಶ್ನೆ ಹೊರಗೆ ಬರುತ್ತಿತ್ತು, ನನ್ನ ಕನ್ನಡ ಒಳಗೆ ಹೋಗುತ್ತಿತ್ತು. ಆಕೆಗೆ ಸ್ಟೀಲ್ ಲೋಟದಲ್ಲಿ ಚಹಾ. ನನಗೆ ಗೋಡೆಯ ಗೂಡಿನಿಂದ ತೆಗೆದ ಗಾಜಿನ ಗ್ಲಾಸು. ಕುಡಿಯಲಿಲ್ಲ. ಆರಿ ಕೆನೆ ಕಟ್ಟಿತು.

ವಾಪಸ್ ಬರುವಾಗ ಜೀಪಿನಲ್ಲಿ ಆಕೆ ಕೇಳಿದಳು—ನಿನಗೆ ಹೊರಗಿನ ಗಾಳಿ ಇಷ್ಟವೇ?

ಹೌದು ಅಂದೆ.

19 ಫೆಬ್ರವರಿ

ಮತ್ತೆ ಅಲ್ಲಿಗೇ. ಗೌಡರು ಮತ್ತೆ ಅದೇ ಮಾತು ಅಂದರು. ಈ ಸಲ ಹನುಮಕ್ಕನಿಗೆ ತಿಳಿಯಿತು. ಹಾಳು ಟೇಪ್‌ರೆಕಾರ್ಡರ್. ಹೊಸಿಲ ಮೇಲೆ ನಿಂತಳು. "ಹೊರಗೆ? ಯಾಕೆ ಹೊರಗೆ?" ಎಂದು ಕನ್ನಡದಲ್ಲೇ ಕೇಳಿದಳು. ಗೌಡರು ನಕ್ಕರು. ಆಕೆ ನಗಲಿಲ್ಲ. ಬಂದು ನನ್ನ ಪಕ್ಕ ಕಟ್ಟೆಯ ಮೇಲೆ ಕುಳಿತಳು. ಊರ ಮಂದಿ ನಿಂತು ನೋಡತೊಡಗಿದರು. ನನಗೆ ನೆಲ ಬಾಯಿ ಬಿಟ್ಟರೆ ಸಾಕಿತ್ತು.

ಜೀಪಿನಲ್ಲಿ ನನ್ನ ಮೇಲೇ ಸಿಟ್ಟು—ಮೊದಲೇ ಯಾಕೆ ಹೇಳಲಿಲ್ಲ? ಹೇಳಿದ್ದರೆ ನೀನು ಏನು ಮಾಡುತ್ತಿದ್ದೆ ಅಂದೆ. ಇದನ್ನೇ, ಅಂದಳು. ಆಕೆ ಇದನ್ನು ಮಾಡಿ ಹಾಲೆಂಡಿಗೆ ಹೋಗುತ್ತಾಳೆ. ನಾವು?

ಮನೆಗೆ ಬಂದ ಮೇಲೆ ನೋಟ್ಸ್ ಹಿಡಿದು ಕುಳಿತಳು. ಹೊರಗೆ ಕೂತಾಗ ನಿನಗೆ ಏನನಿಸಿತು? ಮೊದಲ ಸಲ ಯಾವಾಗ? ಶಾಲೆಯಲ್ಲಿ ಹೇಗಿತ್ತು? ತಲೆನೋವು ಅಂತ ಎದ್ದು ಬಂದೆ. ನಿಜವಾಗಿಯೂ ತಲೆನೋವಿತ್ತು.

23 ಫೆಬ್ರವರಿ

ಗೌಡರು ಆಫೀಸಿಗೆ ಬಂದು ಸಾಹೇಬರ ಮುಂದೆ ಹೇಳಿದರಂತೆ: ನಿಮ್ಮ ಕ್ಲರ್ಕನ ಮಗಳು ಆ ಪರದೇಶದವಳ ಕಿವಿ ಊದುತ್ತಾಳೆ. ಸಾಹೇಬರು ಎಲ್ಲರೆದುರು ಅಪ್ಪನನ್ನು ಬೈದರು.

ಅಪ್ಪ ಬಂದವನೇ ಅಂಗಿಯನ್ನೂ ಕಳಚಲಿಲ್ಲ. "ನೀ ಒಳಗ ಬರ್ತೀನಿ ಅಂದಿಯೇನು?"

"ಇಲ್ಲಪ್ಪ. ಅಂದಿಲ್ಲ."

"ಇಪ್ಪತ್ತು ವರ್ಸಾತು, ನಾ ಅದ ಕಟ್ಟಿ ಮ್ಯಾಲ ಕುಂತು ಆಫೀಸಿನ ಕಾಗದಕ್ಕ ಅವ್ರ ಸಹಿ ತರಾಕತ್ತೀನಿ. ಯಾರಿಗೂ ಹೇಳಿಲ್ಲ, ನಿಮ್ಮವ್ವಗ ಸೈತ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅಷ್ಟೇ.

ಸಿಟ್ಟು ಯಾರ ಮೇಲೆ ಅಂತ ತಿಳಿಯುತ್ತಿಲ್ಲ. ಗೌಡರ ಮೇಲೆ, ಹನುಮಕ್ಕನ ಮೇಲೆ, ಇಪ್ಪತ್ತು ವರ್ಷ ಸುಮ್ಮನಿದ್ದ ಅಪ್ಪನ ಮೇಲೆ.

1 ಮಾರ್ಚ್

ಹನುಮಕ್ಕ ಹೋದಳು. ಊರಿಗಲ್ಲ—ಇಲ್ಲೇ ಬಸ್ ಸ್ಟ್ಯಾಂಡ್ ಹಿಂದೆ ಗೌಡರ ಇನ್ನೊಂದು ಮನೆ ಇದೆ, ಅದರ ಮೇಲಿನ ಮಾಳಿಗೆಗೆ. ನಮ್ಮ ಮನೆ ಬಿಟ್ಟರೇ ಮಾತು ಅಂತ ಗೌಡರ ಶರತ್ತು, ಸಾಹೇಬರೇ ವ್ಯವಸ್ಥೆ ಮಾಡಿದರು. ನಿನಗೆ ಬೇಡ ಅನ್ನಲು ಆಗಲಿಲ್ಲವೇ ಅಂದೆ. ಅತ್ತಳು. ಗೌಡರು ಮಾತಾಡದಿದ್ದರೆ ಒಂದು ವರ್ಷ ಹಾಳಾಗುತ್ತದಂತೆ, ಅಲ್ಲಿನ ಪ್ರೊಫೆಸರರು ಒಪ್ಪುವುದಿಲ್ಲವಂತೆ. ಕಟ್ಟೆಯ ಮೇಲೆ ಕೂತವಳು ಇವಳೇನಾ?

ಅವ್ವ ಡಬ್ಬಿಯಲ್ಲಿ ರೊಟ್ಟಿ ಜೊತೆ ತಿನ್ನುವ ಶೇಂಗಾ ಹಿಂಡಿ ಕಟ್ಟಿ ಕೊಟ್ಟಳು. ನನಗೆ ಅದಕ್ಕೂ ಸಿಟ್ಟು.

ಕೋಣೆ ವಾಪಸ್ ಸಿಕ್ಕಿತು. ಸೊಳ್ಳೆ ಕ್ರೀಮಿನ ವಾಸನೆ. ಓದಲು ಕುಳಿತರೆ ಒಂದು ಅಕ್ಷರ ತಲೆಗೆ ಹೋಗುತ್ತಿಲ್ಲ.

7 ಮಾರ್ಚ್

ಸಾಹೇಬರು ಹೇಳಿಕಳಿಸಿದ್ದಾರೆ. ಬೇರೆ ದುಭಾಷಿ ಸಿಕ್ಕಿಲ್ಲ, ನಾನೇ ಬರಬೇಕು. ಗೌಡರು ಈಗ ದೊಡ್ಡ ಮನಸ್ಸು ಮಾಡಿದ್ದಾರಂತೆ—ಹುಡುಗಿ ಒಳಗೇ ಕೂರಲಿ, ಅಭ್ಯಂತರವಿಲ್ಲ. ಅಪ್ಪನಿಗೆ ಅದೇ ಗೆದ್ದಂತಾಗಿದೆ. "ಒಳಗ ಕರದಾರ, ಹೋಗು" ಅಂದ.

ಹೋಗುವುದಿಲ್ಲ ಅಂದೆ. ಅವ್ವನದು ಒಂದೇ ಮಾತು: "ನಿಮ್ಮಪ್ಪನ ನೌಕರಿ."

ನಾಳೆ ಹೋಗುತ್ತೇನೆ.

8 ಮಾರ್ಚ್, ಸಂಜೆ

ಒಳಗೆ ಕುಳಿತೆ. ಕುರ್ಚಿ ಕೊಟ್ಟರು, ಸ್ಟೀಲ್ ಲೋಟವನ್ನೂ ಕೊಟ್ಟರು. ಒಳಬಾಗಿಲಿನಲ್ಲಿ ಹೆಂಗಸರು ನಿಂತು ನನ್ನನ್ನೇ ನೋಡುತ್ತಿದ್ದರು. ನೀರಿನ ಪ್ರಶ್ನೆಗಳಿಗೆಲ್ಲ ಗೌಡರು ಚೆನ್ನಾಗಿಯೇ ಉತ್ತರ ಕೊಟ್ಟರು. ಎಲ್ಲವನ್ನೂ ಸರಿಯಾಗಿ ಹೇಳಿದೆ, ಒಂದು ಮಾತೂ ಬಿಡಲಿಲ್ಲ. ಕೊನೆಗೆ ಗೌಡರು ಕಾಲ ಮೇಲೆ ಕಾಲು ಹಾಕಿ ಅಂದರು:

"ಅಕಿಗೆ ಹೇಳು ತಂಗಿ. ನಮ್ಮ ಕಡಿ ಮದ್ಲಿಂದನೂ ಯಾರೂ ಭೇದ ಮಾಡಿಲ್ಲ. ನೋಡು, ನೀನ ಒಳಗ ಕುಂತೀದಿ. ಹಂಗಂತ ಬರಕೊ ಅನ್ನು."

ಹನುಮಕ್ಕ ಪೆನ್ನು ಹಿಡಿದು ನನ್ನ ಬಾಯಿ ನೋಡುತ್ತಿದ್ದಳು. ವಾಕ್ಯ ಸುಲಭದ್ದೇ. ನಾಲಿಗೆಯ ತುದಿಗೂ ಬಂದಿತ್ತು. ಬಾಯಿ ತೆರೆಯಲಿಲ್ಲ.

"ಹೇಳವಾ" ಅಂದರು ಗೌಡರು.

"ನನಗ ಇಂಗ್ಲಿಷ್ ಬರಂಗಿಲ್ರಿ ಗೌಡ್ರ."

ಲೋಟ ಕೆಳಗಿಟ್ಟು ಎದ್ದೆ. ಜೀಪಿನವರೆಗೆ ನಡೆದೆ. ಹನುಮಕ್ಕ ಹಿಂದೆ ಓಡಿ ಬಂದಳು. ಏನಾಯಿತು ಅಂತ ಕೇಳಿದಳು. ಹೇಳಿದೆ. ಸ್ವಲ್ಪ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದಳು.

ಆಮೇಲೆ ಅದನ್ನೂ ಬರೆದುಕೊಂಡಳು.

27 ಮಾರ್ಚ್

ಅಪ್ಪನನ್ನು ಲಿಂಗಸುಗೂರಿನ ಆಫೀಸಿಗೆ ಹಾಕಿದ್ದಾರೆ. ನಸುಕಿಗೆ ಬಸ್ಸು ಹಿಡಿದು ಹೋಗುತ್ತಾನೆ, ದೀಪ ಹಚ್ಚಿದ ಮೇಲೆ ಬರುತ್ತಾನೆ. ಕ್ವಾರ್ಟರ್ಸ್ ಬಿಡಲು ಹೇಳಿಲ್ಲ, ಯಾವಾಗ ಹೇಳುತ್ತಾರೋ. ಗೌಡರ ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿದ ದಿನದಿಂದ ನನ್ನ ಜೊತೆ ಮಾತಿಲ್ಲ. ಬೈದರೂ ಬೇಕಿತ್ತು. ರೊಟ್ಟಿ ಇಟ್ಟರೆ ತಿನ್ನುತ್ತಾನೆ, ನೀರು ಕೊಟ್ಟರೆ ಕುಡಿಯುತ್ತಾನೆ, ಮುಖ ನೋಡುವುದಿಲ್ಲ.

ಹನುಮಕ್ಕ ಮೊನ್ನೆ ಹಾಲೆಂಡಿಗೆ ಹೋಗುವ ಮುಂಚೆ ಬಂದಿದ್ದಳು. ಅವ್ವನ ಕಾಲಿಗೆ ಬಿದ್ದಳು. ನೀನು ಗುಲಬರ್ಗಾಕ್ಕೆ ಹೋಗಲೇಬೇಕು ಅಂದಳು. ಎಷ್ಟು ಸುಲಭ.

11 ಏಪ್ರಿಲ್

ಹಿಸ್ಟರಿ ಪೇಪರ್ ಕೆಟ್ಟಿತು. ಅಪ್ಪ ಕೇಳಲಿಲ್ಲ.

16 ಏಪ್ರಿಲ್, ಸಂಜೆ

ಪಕ್ಕದ ಮನೆಯ ಖಾಸಿಂಬೀ ಗೋಡೆಯ ಆಚೆಯಿಂದ ಕರೆದಳು. ಆಕೆಯ ಗಂಡ ಬಂದೇಸಾಬ್ ಲಿಂಗಸುಗೂರು ಬಸ್ಸಿನ ಕಂಡಕ್ಟರು. ನಿನ್ನೆ ಮಸ್ಕಿಯಲ್ಲಿ ಬಸ್ಸು ಪಂಕ್ಚರ್ ಆಗಿ ಎಲ್ಲರೂ ಚಹಾದ ಅಂಗಡಿಯಲ್ಲಿ ಕುಳಿತಿದ್ದರಂತೆ. ಅಲ್ಲಿ ಅಪ್ಪ ಕಥೆ ಹೇಳಿದನಂತೆ. ನಮ್ಮ ಅಪ್ಪ. ಗೌಡರಂತೆ ಕಾಲ ಮೇಲೆ ಕಾಲು ಹಾಕಿ ತೋರಿಸಿ, ನನ್ನಂತೆ ಲೋಟ ಕೆಳಗಿಟ್ಟು. ಬಸ್ಸಿನ ಮಂದಿ ನಕ್ಕು ನಕ್ಕು ಸುಸ್ತಾದರಂತೆ.

"ಬಿ.ಎ. ಓದ್ಯಾಳ ನನ್ನ ಮಗಳು, ಗೌಡ್ರ ಮುಂದ ಇಂಗ್ಲಿಷ್ ಬರಂಗಿಲ್ಲ ಅಂದ್ಲು ನೋಡು, ಅಂತ ಎರಡೆರಡು ಸಲ ಹೇಳ್ಯಾನ ನಿಮ್ಮಪ್ಪ" ಅಂದಳು ಖಾಸಿಂಬೀ. ಆಮೇಲೆ ಬಂದೇಸಾಬನನ್ನು ಬದಿಗೆ ಕರೆದು, ಗುಲಬರ್ಗಾಕ್ಕೆ ನೇರ ಬಸ್ಸು ಎಷ್ಟು ಗಂಟೆಗೆ ಇದೆ ಅಂತ ಕೇಳಿದನಂತೆ.

ನಗು ಬಂತು, ಅಳುವೂ ಬಂತು, ಎಲ್ಲಕ್ಕಿಂತ ಮೊದಲು ಸಿಟ್ಟು ಬಂತು. ಬಸ್ಸಿನ ತುಂಬ ಹೇಳುತ್ತಾನೆ! ಒಂದೇ ಮನೆಯಲ್ಲಿ ಇಷ್ಟು ದಿನ ಬಾಯಿ ಹೊಲಿದುಕೊಂಡು ಕೂತ, ನಾನು ಇಲ್ಲಿ ಉಸಿರು ಬಿಗಿ ಹಿಡಿದು ಸಾಯುತ್ತಿದ್ದೆ. ಇವತ್ತು ಬಿಡುವುದಿಲ್ಲ. ಮಂದಿಗೆ ಹೇಳಿದ್ದನ್ನು ನನ್ನ ಮುಖ ನೋಡಿ ಹೇಳು ಅನ್ನುತ್ತೇನೆ.

ಗೇಟಿನ ಸದ್ದು. ಅಪ್ಪನ ಕಾಲಿಗೆ ನೀರು ಕೊಡಲು ಅವ್ವ ತಂಬಿಗೆ ತೆಗೆದುಕೊಂಡು ಹೊರಟಳು. ಬೇಡ, ನಾನೇ ಒಯ್ಯುತ್ತೇ—