ಮೈನಸ್ಸೇ ಯಾಕ್ರಿ ಸರ್?

೧೦ ಫೆಬ್ರುವರಿ, ಸೋಮವಾರ

ಬೈಲಹೊಂಗಲ ತಾಲೂಕಿನ ಗಣಿತಲೋಕ ಇಂದು ಹೊಸ ಯುಗಕ್ಕೆ ಕಾಲಿಟ್ಟಿತು: ನಮ್ಮ ಬಿ.ಎಸ್‌ಸಿ. ಕ್ಲಾಸಿಗೆ ಹೊಸ ಡಸ್ಟರ್ ಬಂತು. ಉದ್ಘಾಟನೆ ನನ್ನ ಅಮೃತಹಸ್ತದಿಂದಲೇ.

ಬೋರ್ಡು ಒರೆಸಿ ಪಾರ್ಷಿಯಲ್ ಡಿಫರೆನ್ಶಿಯಲ್ ಈಕ್ವೇಶನ್ ಶುರು. ಕಾದ ಕಬ್ಬಿಣದ ಸರಳು ಆರುವ ಲೆಕ್ಕ. ತುದಿಗಳೆರಡೂ ಮಂಜುಗಡ್ಡೆಯಲ್ಲಿ. ಜಾಗದ್ದೊಂದು ಕಡೆ, ಕಾಲದ್ದೊಂದು ಕಡೆ ಬೇರ್ಪಡಿಸಿ, ಎರಡೂ ಒಂದು ಸ್ಥಿರಾಂಕಕ್ಕೆ ಸಮ ಎಂದೆ — ಮೈನಸ್ ಲ್ಯಾಮ್ಡಾ ಸ್ಕ್ವೇರ್.

ಸಂಗೊಳ್ಳಿಯಿಂದ ಬರುವ ಹಿನಾಕೌಸರ ಎದ್ದು ನಿಂತಳು. "ಸರ್, ಮೈನಸ್ಸೇ ಯಾಕ್ರಿ? ಪ್ಲಸ್ ತಗೊಂಡ್ರ ಏನಾಗ್ತದ?"

ಗೊತ್ತಿರಲಿಲ್ಲ. ನನ್ನ ಗುರುಗಳು ಮೈನಸ್ ಬರೆದಿದ್ದರು, ನಾನು ಇಳಿಸಿಕೊಂಡಿದ್ದೆ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.

"ಹಿರಿಯರು ಹಂಗ ತಗೊಂಡ ಬಂದಾರವಾ. ಪದ್ಧತಿ."

ಹುಡುಗಿ ಅದನ್ನೂ ಬರೆದುಕೊಂಡಳು.

೧೪ ಫೆಬ್ರುವರಿ, ಶುಕ್ರವಾರ

ನಿನ್ನೆ ಧಾರವಾಡದಲ್ಲಿ ಹಿನಾಳ ಇಂಟರ್‌ವ್ಯೂ, ಬೇಸಿಗೆಯ ಗಣಿತ ತರಬೇತಿಗೆ. ಕೇಳಿದ್ದು ಆ ಮೈನಸ್ಸಿನ ಕಾರಣವನ್ನೇ!

"ಪದ್ಧತಿ ಅಂದೇನ್ರಿ ಸರ್. ಎಲ್ಲಾರೂ ನಕ್ರು. ನಾ ಬಿಡಲಿಲ್ಲ. ನಮ್ಮ ವಿಜಯ ಸರ್ ಹೇಳ್ಯಾರ ಅಂದೆ."

"ಹೆಸರ ಯಾಕ ಹೇಳಾಕ ಹೋದಿ?"

"ನಿಮ್ಮ ನಂಬರೂ ಕೊಟ್ಟೇನ್ರಿ. ಅವರಿಗೇನರ ಡೌಟ್ ಇದ್ರ ಕೇಳ್ಲಿ ಅಂತ."

ಸೋಮವಾರ ಇನ್ನೊಮ್ಮೆ ಕರೆದಿದ್ದಾರೆ. ಸರಿಯಾದ ಕಾರಣ ಹೇಳಿದರೆ ಸೀಟು, ಇಲ್ಲವಾದರೆ ಇಲ್ಲ. ಇವಳು ಅದೇ ಉತ್ತರವನ್ನು ಇನ್ನಷ್ಟು ಜೋರಾಗಿ ಹೇಳುತ್ತಾಳಂತೆ.

ಆಗಲೇ ಬಾಯಿ ಬಿಡಬೇಕಿತ್ತು. ಬೆಲ್ ಆಯಿತು ಎಂದು ಹೊರಟುಬಂದೆ. ಆಗಿರಲಿಲ್ಲ.

೧೬ ಫೆಬ್ರುವರಿ, ರವಿವಾರ

ಪ್ಲಸ್ ಹಾಕಿ ನಾನೇ ಬಿಡಿಸಿ ನೋಡಿದೆ. ಸರಳು ಆರುವ ಬದಲು ತಾನಾಗಿ ಕಾಯುತ್ತಲೇ ಹೋಯಿತು... ಒಲೆಯಿಂದ ಇಳಿಸಿದ ಚಹಾ ಕಪ್ಪಿನಲ್ಲೇ ಕುದಿಯತೊಡಗಿದ ಹಾಗೆ. ಮಂಜುಗಡ್ಡೆಯಲ್ಲಿಟ್ಟ ತುದಿಗಳ ಸೊನ್ನೆ ಡಿಗ್ರಿಯೂ ಹೊಂದಲಿಲ್ಲ. ಅದಕ್ಕೇ ಮೈನಸ್. ಪದ್ಧತಿಯಂತೆ, ಪದ್ಧತಿ!

ಹಿನಾಗೆ ವಾಟ್ಸ್ಯಾಪ್ ಬರೆದೆ: "ಇತ್ತೀಚಿನ ಸಂಶೋಧನೆಯ ಪ್ರಕಾರ..." ಅಳಿಸಿದೆ.

ಅವಳದೇ ಫೋನ್ ಬಂತು. ಹೆಂಡತಿ ಮಾಲಾಳ ಕೈಗಿಟ್ಟು, ನಾನಿಲ್ಲ ಎಂದು ಸನ್ನೆ ಮಾಡಿದೆ.

"ಸರ್ ಮಲಗ್ಯಾರವಾ," ಎಂದು ಇಟ್ಟಳು. ಆಮೇಲೆ ನನ್ನತ್ತ ತಿರುಗಿ, "ಒಂದ ಹುಡುಗಿ ಫೋನಿಗೆ ಮಂಚದ ಬುಡಕ ಹೋಗೋದೊಂದ ಬಾಕಿ ನೋಡ್ರಿ ನಿಮ್ದು."

ಎಲ್ಲ ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ.

"ಫೋನಿನ್ಯಾಗ ಬ್ಯಾಡ. ಎದುರ ನಿಂತ, ಆಕಿ ಮಾರಿ ನೋಡಿ ಹೇಳ್ರಿ."

೧೭ ಫೆಬ್ರುವರಿ, ಸೋಮವಾರ, ಬೆಳಿಗ್ಗೆ

ಬಸ್ ಸ್ಟ್ಯಾಂಡ್. ಕಲ್ಲುಬೆಂಚು. ಮೊದಲು ಬರೆದರೆ ಬಾಯಿಗೆ ಬಂದೀತೆಂದು ಬರೆಯುತ್ತಿದ್ದೇನೆ: ನನಗ ಗೊತ್ತಿರಲಿಲ್ಲವಾ. ಗೊತ್ತಿಲ್ಲ ಅನ್ನಾಕ ನಾಚಿಕಿ ಆತು. ಸುಳ್ಳ ಹೇಳಿದೆ...

ಸಂಗೊಳ್ಳಿ ಬಸ್ ಬಂತು. ಹಿನಾ ಇಳಿದವಳೇ ಓಡಿ ಧಾರವಾಡದ ಬಸ್ ಹತ್ತಿದಳು. ಕಿಟಕಿಯಿಂದ ಕೈ ಬೀಸುತ್ತಿದ್ದಾಳೆ. ಸರ್ ತನ್ನನ್ನು ಕಳಿಸಿಕೊಡಲು ಬಂದಿದ್ದಾರೆ ಎಂದುಕೊಂಡು ಪಕ್ಕದವರಿಗೂ ತೋರಿಸುತ್ತಿದ್ದಾಳೆ.

ಡ್ರೈವರ್ ಗಾಡಿ ಚಾಲೂ ಮಾಡಿದ.

ಇದನ್ನು ಓದುವವರು ಯಾರೂ ಇಲ್ಲ. ಅಕಸ್ಮಾತ್ ಇದ್ದರೆ ಒಂದು ಉಪಕಾರ — ಆ ಕಂಡಕ್ಟರ್‌ಗೆ ಸೀಟಿ ಊದುವುದನ್ನು ಸ್ವಲ್ಪ ತಡೆಯಲು ಹೇಳಿ, ನಾನೂ ಹತ್ತಿಕೊಳ್ಳು—