ಬರ್ತೇನ್ರಿ ಅಂದವರ ಪಟ್ಟಿ

ಬೀದರ
14 ನವೆಂಬರ್ 2024, ಗುರುವಾರ

ಸಂಘದ ಮಾನ್ಯ ಸದಸ್ಯರೂ, ಕಾಗದಪತ್ರದ ಪ್ರಕಾರ ಇನ್ನೂ ನನ್ನ ಗಂಡನೂ ಆದ ಡಾ. ಆಶೀಷ ಅವರಿಗೆ ನಮಸ್ಕಾರ.

ಈ ಲಕೋಟೆಯಲ್ಲಿ ಎರಡು ಕಾಗದ ಇವೆ. ಒಂದು ಟೈಪ್ ಮಾಡಿ ಮೊಹರು ಹಾಕಿದ್ದು. ಜಿಲ್ಲಾ ವೈದ್ಯರ ಸಂಘದ ಸತತ ಮೂರು ಸಭೆಗಳಿಗೆ ಗೈರುಹಾಜರಾದ ನಿಮ್ಮ ಸದಸ್ಯತ್ವವನ್ನು ಯಾಕೆ ರದ್ದು ಮಾಡಬಾರದು ಎಂದು ಕೇಳುವ ನೋಟಿಸು. ಕೆಳಗೆ ಕಾರ್ಯದರ್ಶಿ ಅಂತ ನನ್ನದೇ ಸಹಿ. ಅದನ್ನು ಓದಿ ನಗು ಬಂದರೆ ನಕ್ಕುಬಿಡಿ. ಎರಡನೆಯದು ಇದು, ಇದನ್ನು ಮಾತ್ರ ಪೂರ್ತಿ ಓದಬೇಕು. ಫೋನ್ ಮಾಡಿದರೆ ಎತ್ತುವುದಿಲ್ಲ, ಮೆಸೇಜು ಕಳಿಸಿದರೆ ಹೆಬ್ಬೆಟ್ಟು ತೋರಿಸುತ್ತೀರಿ. ನಿಮ್ಮ ಆ ಹೆಬ್ಬೆಟ್ಟಿನ ಅರ್ಥ ಹೂಂ ಅಂತಲೋ ಊಹೂಂ ಅಂತಲೋ ದೇವರಾಣೆ ನನಗೆ ಇವತ್ತಿಗೂ ತಿಳಿದಿಲ್ಲ. ಅದಕ್ಕೇ ಔರಾದ ಬಸ್ಸಿನ ಕಂಡಕ್ಟರ್ ಬಾಬುಮಿಯಾ ಅವರ ಕೈಯಲ್ಲಿ ಈ ಕಾಗದ ಕೊಟ್ಟು ಕಳಿಸುತ್ತಿದ್ದೇನೆ.

ಮೊದಲು ಭಾಲ್ಕಿಯ ನಾಜಿಯಾಳ ವಿಷಯ. ನಿಮಗೆ ಗೊತ್ತಿರುವುದೇ, ಆದರೂ ಬರೆಯುತ್ತೇನೆ. ಗೊತ್ತಿದ್ದೂ ಮನೆಯಲ್ಲಿ ಕೂತವರೇ ನಮ್ಮಲ್ಲಿ ಜಾಸ್ತಿ. ಆಗಸ್ಟಿನಲ್ಲಿ ಮೆಹಕರದ ಬಾಣಂತಿಯೊಬ್ಬಳನ್ನು ಅವಳ ಆಸ್ಪತ್ರೆಗೆ ತಂದರು. ಮನೆಯಲ್ಲೇ ಹೆರಿಗೆಯಾಗಿ ಆರು ತಾಸು ರಕ್ತ ಹೋಗಿತ್ತು. ನಾಜಿಯಾ ಮಾಡಬೇಕಾದ್ದೆಲ್ಲ ಮಾಡಿ, ಆಂಬುಲೆನ್ಸಿನಲ್ಲಿ ತಾನೇ ಕೂತು ಬೀದರಿಗೆ ಹೊರಟಳು. ಹಾದಿಯಲ್ಲೇ ಆ ಹೆಣ್ಣುಮಗಳು ಹೋಗಿಬಿಟ್ಟಳು. ಸಂಬಂಧಿಕರು ಬಂದು ಆಸ್ಪತ್ರೆಯ ಗಾಜು ಒಡೆದರು, ಯಾರೋ ವಿಡಿಯೋ ಮಾಡಿ ಊರೆಲ್ಲ ಹಂಚಿದರು, ಸರಕಾರಿ ವಿಚಾರಣೆ ಶುರುವಾಯಿತು. ನಮ್ಮ ಸಂಘ ಮೂವರ ಸಮಿತಿ ಮಾಡಿತು. ಅದರಲ್ಲಿ ನೀವೂ ಒಬ್ಬರು. ‘ಚಿಕಿತ್ಸೆಯಲ್ಲಿ ಯಾವ ಲೋಪವೂ ಇಲ್ಲ’ ಎಂದು ನಿಮ್ಮ ಕೈಯಾರೆ ಬರೆದು ಕಳಿಸಿದಿರಿ. ಬರೆದಿರಿ, ಸಹಿ ಹಾಕಲಿಲ್ಲ. ಸಭೆಯಲ್ಲಿ ಹಾಕುತ್ತೇನೆ ಅಂದಿರಿ. ಸಭೆಗೆ ಬರಲಿಲ್ಲ.

ಅರವತ್ತಮೂರು ಸದಸ್ಯರಲ್ಲಿ ಇಪ್ಪತ್ತೊಂದು ಜನ ಕೂತು ಒಪ್ಪಿದರೆ ಮಾತ್ರ ಆ ವರದಿಗೆ ಬೆಲೆ. ಸೋಮವಾರ ವಿಚಾರಣೆಯ ಕೊನೆಯ ದಿನ. ಅಷ್ಟರೊಳಗೆ ವರದಿ ಅವರ ಕೈಸೇರದಿದ್ದರೆ ನಾಜಿಯಾಳ ಪರವಾಗಿ ಒಂದು ಸಾಲೂ ಇಲ್ಲದೆ ಕಡತ ಮುಚ್ಚುತ್ತಾರೆ.

ಕಳೆದ ವಾರ ಅವಳನ್ನು ನೋಡಿ ಬಂದೆ. ಹೆರಿಗೆ ಮಾಡಿಸುವುದನ್ನೇ ಬಿಟ್ಟಿದ್ದಾಳೆ. ಕೆಮ್ಮು, ನೆಗಡಿಗೆ ಔಷಧಿ ಬರೆದುಕೊಂಡು ಕೂತಿದ್ದಾಳೆ. ನಾನಿದ್ದಾಗಲೇ ಖಟಕ ಚಿಂಚೋಳಿಯಿಂದ ತುಂಬು ಬಸುರಿಯೊಬ್ಬಳು ಬಸ್ಸಿಳಿದು ಬಂದಳು. ಇವಳು ಬಾಗಿಲಲ್ಲೇ ಕೈಮುಗಿದು ಬೀದರಿಗೆ ಕಳಿಸಿದಳು. ಆಮೇಲೆ ನನ್ನ ಕಡೆ ತಿರುಗಿ, “ಅಕ್ಕಾ, ನಾ ತಪ್ಪು ಮಾಡೀನಿ ಅಂದ್ರ ತಪ್ಪಂತ ಹೇಳ್ರಿ. ಇಲ್ಲಂದ್ರ ಅದನ್ನರ ಹೇಳ್ರಿ. ಯಾರೂ ಏನೂ ಹೇಳಲ್ದಕ್ಕ ನಂಗ ಹೆರಗಿ ಮಾಡ್ಸಲಿಕ್ಕಿ ಧೈರ್ಯ ಸಾಲವಲ್ದರಿ” ಅಂದಳು. ಸಭೆ ಕರೆದಿದ್ದೇನೆ ತಾಯಿ, ಅಂದೆ. ಹೇಳುವಾಗ ನನಗೇ ನಾಚಿಕೆಯಾಯಿತು.

ಆ ಸಭೆಗಳ ಕಥೆ ಕೇಳಿ. ಮೊದಲನೆಯದಕ್ಕೆ ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಿದೆ. ಎಲ್ಲರೂ ಪ್ರೀತಿಯಿಂದ ಮಾತಾಡಿದರು. ನಾಜಿಯಾಗೆ ಹೀಗಾಗಬಾರದಿತ್ತು ಅಂತ ಲೊಚಗುಟ್ಟಿದರು, ಕೊನೆಗೆ “ಆಯ್ತ್ರಿ ಮೇಡಂ, ಬರ್ತೇನ್ರಿ” ಅಂದರು. ನಾನು ಹೆಸರಿನ ಮುಂದೆ ‘ಬರುತ್ತಾರೆ’ ಅಂತ ಬರೆದುಕೊಂಡೆ. ಮೂವತ್ತೆಂಟು ಹೆಸರು! ಅಷ್ಟು ಜನಕ್ಕೆ ಸುಸಲಾ, ಭಜಿ ಮಾಡಿಸಿದೆ. ಬಂದವರು ಒಂಬತ್ತು. ನಾನು ಪಟ್ಟಿ ಹಿಡಿದು ಗೇಟಿನಲ್ಲಿ ನಿಂತಿದ್ದರೆ, ಸಂಘದ ಕಟ್ಟಡ ನೋಡಿಕೊಳ್ಳುವ ನಮ್ಮ ಬದ್ರೋದ್ದೀನ ಚಾಚಾ ಪಕ್ಕಕ್ಕೆ ಬಂದು, “ಮೇಡಂ, ಅವ್ರು ಫೋನ್ ಇಡ್ಲಿಕ್ಕಿ ಬರ್ತೇನಿ ಅಂದಾರ‍್ರಿ, ಮೀಟಿಂಗಿಗಿ ಅಲ್ಲರಿ” ಅಂದರು. ಅಯ್ಯೋ ನನ್ನ ಬುದ್ಧಿಯೇ! ಹುಟ್ಟಿದಾಗಿನಿಂದ ಈ ಊರಲ್ಲಿದ್ದೇನೆ. ನಮ್ಮವರು ಎದ್ದು ಹೋಗುವಾಗ ಹೋಗ್ತೇನಿ ಅನ್ನುವುದಿಲ್ಲ, ಬರ್ತೇನಿ ಅನ್ನುತ್ತಾರೆ ಅಂತ ನನಗೆ ಮುದುಕರೊಬ್ಬರು ಹೇಳಿಕೊಡಬೇಕಾಯಿತು.

ನಗಬೇಡಿ. ಮೂರು ವರ್ಷದ ಹಿಂದೆ ನೀವೂ ಚೀಲ ಹಿಡಿದು ಬಾಗಿಲಲ್ಲಿ ನಿಂತು ಬರ್ತೇನಿ ಅಂದೇ ಹೋದಿರಿ. ನಾನು ಅದನ್ನೂ ಬರುತ್ತಾರೆ ಅಂತಲೇ ಬರೆದುಕೊಂಡಿದ್ದೆ. ಇರಲಿ.

ಎರಡನೆಯ ಸಭೆಗೆ ಹದಿಮೂರು, ಮೂರನೆಯದಕ್ಕೆ ಹದಿನೆಂಟು. ಸಂಘದ ಕ್ರಿಕೆಟ್ ಪಂದ್ಯ ಇದ್ದ ದಿನ ನಲವತ್ತನಾಲ್ಕು ಜನ ಬಂದಿದ್ದರು, ಒಬ್ಬರು ಮಂಡಿ ನೋವಿಗೆ ಪಟ್ಟಿ ಕಟ್ಟಿಕೊಂಡು ಬೌಲಿಂಗ್ ಮಾಡಿದರು. ನಾಜಿಯಾಳ ಸಭೆಯ ದಿನ ಅವರಿಗೇ ಮಹಡಿ ಹತ್ತಲಾಗಲಿಲ್ಲವಂತೆ. ಇನ್ನೊಬ್ಬರು ಕೆಳಗೇ ಸಹಿ ಹಾಕಿ ಹೋಗುತ್ತೇನೆ, ರಿಜಿಸ್ಟರ್ ಕಳಿಸಿ ಅಂತ ಕಾರಿನಲ್ಲೇ ಕೂತು ಹಾರ್ನ್ ಹೊಡೆದರು. ನಾನು ಕಳಿಸಲಿಲ್ಲ. ಕೊನೆಗೆ ಬದ್ರೋದ್ದೀನ ಚಾಚಾ, “ಮೂವತ್ತು ವರ್ಷ ಡಾಕ್ಟರ್ ಸಾಹೇಬ್ರ ಮಾತೇ ಕೇಳೀನ್ರಿ, ನಂದೂ ಒಂದು ಹಾಜರಿ ಹಾಕ್ರಿ” ಅಂದರು. ಅವರ ಹೆಸರು ಬರೆಯುವ ಹಾಗಿದ್ದರೆ ನಾನು ಮೂರು ಸಲ ಬರೆಯುತ್ತಿದ್ದೆ.

ರೋಗಿಗಳಿಗೆ ತಪಾಸಣೆಗೆ ಬರಲಿಲ್ಲ ಅಂತ ದಿನಾ ಬೈಯುವವರು ನಾವು. ನಮ್ಮವಳೊಬ್ಬಳು ಕುಸಿದು ಕೂತರೆ ಬಂದು ಕೈ ಎತ್ತಲಿಕ್ಕೆ ಅರ್ಧ ತಾಸು ಸಿಗುವುದಿಲ್ಲ. ಸಂಘ ಏನು ಮಾಡಿತು, ಸಂಘ ಏನು ಮಾಡಿತು ಅಂತ ಗ್ರೂಪಿನಲ್ಲಿ ಬರೆಯಲು ಮಾತ್ರ ಎಲ್ಲರಿಗೂ ಪುರಸೊತ್ತು. ಸಾಕಾಗಿ ಹೋಗಿದೆ ನನಗೆ.

ನೀವು ಯಾಕೆ ಬರುವುದಿಲ್ಲ ಅಂತ ನಾನು ಕೇಳುವುದಿಲ್ಲ. ನಿಮ್ಮ ರೋಗಿ ಆಪರೇಷನ್ ಮೇಜಿನ ಮೇಲೆ ತೀರಿಕೊಂಡಾಗ ಇದೇ ಸಭಾಂಗಣದಲ್ಲಿ, ಇದೇ ಕುರ್ಚಿಗಳ ಮುಂದೆ ನಿಂತಿದ್ದಿರಿ. ಜನ ಸೇರದೆ ನಿಮ್ಮ ವಿಷಯ ಹಾಗೇ ಬಿದ್ದುಹೋಯಿತು. ಆಮೇಲೆ ಬೀದರಿನ ಆಸ್ಪತ್ರೆ ಮುಚ್ಚಿ ಔರಾದ ಸೇರಿದಿರಿ. ಆ ಮಹಡಿ ಹತ್ತಲು ನಿಮ್ಮ ಕಾಲು ಒಪ್ಪುವುದಿಲ್ಲ ಅಂತ ನನಗೆ ಗೊತ್ತಿದೆ. ಆದರೂ ಬನ್ನಿ ಅನ್ನುತ್ತಿದ್ದೇನೆ.

ರವಿವಾರ ಬೆಳಿಗ್ಗೆ ಹನ್ನೊಂದಕ್ಕೆ ಕೊನೆಯ ಸಭೆ. ಹದಿನೇಳು ಜನರ ಮನೆಗೆ ಹೋಗಿ ಎದುರು ನಿಂತು ಕೇಳಿದ್ದೇನೆ, ಬರುತ್ತಾರೆ. ನನ್ನನ್ನು ಸೇರಿಸಿ ಹದಿನೆಂಟು. ಔರಾದದ ಕುಣಾಲ, ಶರಫೋದ್ದೀನ ಇಬ್ಬರೂ ಆಶೀಷ ಸರ್ ಹೊರಟರೆ ಅವರ ಕಾರಿನಲ್ಲೇ ನಾವೂ ಬರುತ್ತೇವೆ ಅಂದಿದ್ದಾರೆ. ನೀವು ಹೊರಟರೆ ಇಪ್ಪತ್ತೊಂದು. ನೀವು ಹೊರಡದಿದ್ದರೆ ಮೂವರೂ ಇಲ್ಲ, ನಾಜಿಯಾಳ ಆಸ್ಪತ್ರೆಯೂ ಇಲ್ಲ. ಲೆಕ್ಕ ಇಷ್ಟೇ.

ಬಿಪಿ ಗುಳಿಗೆ ತಪ್ಪಿಸಬೇಡಿ. ಇದನ್ನು ಕಾರ್ಯದರ್ಶಿ ಬರೆಯುತ್ತಿಲ್ಲ.

ಸಿಟ್ಟಿನಿಂದಲೂ, ಸಿಟ್ಟು ಇಳಿದ ಮೇಲೆ ಉಳಿಯುವುದರಿಂದಲೂ,
ಕೇತಕಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದಿದ್ದೇನೆ. ನಿಮ್ಮ ಸಭೆಯ ದಿನ ಬಗದಲ ಊರಿನಲ್ಲಿ ಕಷ್ಟದ ಹೆರಿಗೆ ಇತ್ತು, ಅದಕ್ಕೇ ಬರಲಾಗಲಿಲ್ಲ ಅಂತ ನಿಮಗೆ ಹೇಳಿದ್ದೆ. ಬಗದಲಿನಲ್ಲಿ ಯಾವ ಹೆರಿಗೆಯೂ ಇರಲಿಲ್ಲ. ನಾನು ಮನೆಯಲ್ಲೇ ಇದ್ದೆ. ಗಂಡ ಅಂತ ಕೈ ಎತ್ತಿದಳು ಅಂದಾರು ಅನ್ನುವ ಹೆದರಿಕೆ. ಇಷ್ಟು ಜನ ಇದ್ದಾರಲ್ಲ, ನಾನೊಬ್ಬಳು ಹೋಗದಿದ್ದರೆ ಏನಾದೀತು ಅಂದುಕೊಂಡೆ. ಸಂಜೆ ನೀವು ಬಂದು, ಇಪ್ಪತ್ತೇ ಜನ ಆದರು, ಒಬ್ಬರು ಕಡಿಮೆ ಬಿದ್ದರು ಕೇತಕಿ, ಆ ಒಬ್ಬರನ್ನು ಎಲ್ಲಿ ಹುಡುಕಲಿ ಅಂದಿರಿ. ನಾನು ನಿಮಗೆ ಚಹಾ ಮಾಡಿಕೊಟ್ಟೆ. ರವಿವಾರ ಬಂದು ನನ್ನನ್ನು ಎಲ್ಲರ ಮುಂದೆ ಬೈಯಿರಿ, ನಡಾವಳಿಯಲ್ಲಿ ನಾನೇ ಬರೆದುಕೊಳ್ಳುತ್ತೇನೆ. ಮೊದಲು ನಾಜಿಯಾಳ ವರದಿಗೆ ಸಹಿ ಹಾಕಿ.